ಅಂಚೆಚೀಟಿ ಕೂಡಿಡುವವರು ಏನನ್ನು ಕೂಡಿಡುತ್ತಾರೆ?

ನನ್ನ ತಂಗಿ ಬನಶಂಕರಿ ಎರಡನೇ ಹಂತದಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. ಬಿಟಿಎಂ ಲೇಔಟಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಕೆಲವು ತಿಂಗಳ ಹಿಂದೆ ಅವಳ ಮನೆಗೆ ಹೋಗಿದ್ದಾಗ ಕೆಳಗಿನ ಮನೆಯ ಯಜಮಾನರು ನನ್ನನ್ನು ಕರೆಸಿದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಎಪ್ಪತ್ತೆಂಟು ವರ್ಷ. ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ.

"ನೀವು ಪೇಪರಿನೋರಂತೆ, ನಿಮ್ಮ ತಂಗಿ ಹೇಳಿದ್ಳು. ನಿಮ್ಮ ಕಡೆ ಹಳ್ಳೀಲಿ ಯಾವುದಾದ್ರೂ ಸ್ಕೂಲಿನೋರು ಇದನ್ನ ತೊಗೋತಾರಾ, ಸ್ವಲ್ಪ ವಿಚಾರಿಸ್ತೀರಾ?" ಎಂದು ಬೀರುವಿನ ಬಾಗಿಲು ತೆರೆದರು. ಒಳಗೆ ಬಟ್ಟೆಯಿರಲಿಲ್ಲ, ಪಾತ್ರೆಯಿರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಅಂಚೆಚೀಟಿಯ ಆಲ್ಬಮ್ಮುಗಳು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಕೂಡಿಟ್ಟದ್ದು. ಮಗನನ್ನು ಕೇಳಿದರೆ, "ಅಪ್ಪಾ, ಎಲ್ಲಾ ಸ್ಕ್ಯಾನ್ ಮಾಡಿಟ್ಕೊಂಡ್ರೆ ಸಾಕಲ್ವಾ?" ಎಂದನಂತೆ. ಅದನ್ನು ಹೇಳುವಾಗ ಅವರಿಗೆ ಸಿಟ್ಟೇನೂ ಇರಲಿಲ್ಲ. ಮಗ ಹೇಳಿದ್ದರಲ್ಲಿ ತಪ್ಪೇನು ಎಂಬುದನ್ನು ಒಂದೇ ಮಾತಿನಲ್ಲಿ ಹೇಳಲು ಅವರಿಗೆ ಆಗುತ್ತಿರಲಿಲ್ಲ, ಅಷ್ಟೆ.

ಅದು ನನಗೂ ಆಗಲಿಲ್ಲ. ಈ ಬರಹ ಅದನ್ನು ಹೇಳುವ ಪ್ರಯತ್ನ.

ಮೊದಲು ನನ್ನ ಕಥೆ. ಚಿಕ್ಕವನಿದ್ದಾಗ ನಾನೂ ಅಂಚೆಚೀಟಿ ಕೂಡಿಡುತ್ತಿದ್ದೆ. ನಮ್ಮದು ಮಧುಗಿರಿ ತಾಲ್ಲೂಕಿನ ಹಳ್ಳಿ. ಅಪ್ಪ ಬೆಂಗಳೂರಿನಲ್ಲಿ ಹೋಟೆಲ್ ಕೆಲಸಕ್ಕಿದ್ದರು. ಜಯನಗರದಲ್ಲಿ ಎಂದು ನಾವು ಕೇಳಿಕೊಂಡು ಬೆಳೆದದ್ದು. ತಿಂಗಳಿಗೊಂದೋ ಎರಡೋ ಪೋಸ್ಟ್‌ಕಾರ್ಡು ಬರುತ್ತಿತ್ತು. ಆಗ ಕಾರ್ಡಿಗೆ 15 ಪೈಸೆ, ಮೇಲಿನ ಬಲಮೂಲೆಯಲ್ಲಿ ಹುಲಿಯ ಚಿತ್ರ ಅಚ್ಚಾಗಿರುತ್ತಿತ್ತು. ಅಮ್ಮ ಕಾರ್ಡನ್ನು ಓದಿಸಿಕೊಂಡು, ತೊಲೆಯಿಂದ ಇಳಿಬಿಟ್ಟಿದ್ದ ಕಾಗದದ ತಂತಿಗೆ ಚುಚ್ಚುತ್ತಿದ್ದಳು. ನಾನು ಅವಳು ಹೊಲಕ್ಕೆ ಹೋದಾಗ ಅವನ್ನು ಬಿಚ್ಚಿ, ಕತ್ತರಿಯಲ್ಲಿ ಹುಲಿಯನ್ನು ಕತ್ತರಿಸಿಕೊಂಡು, ಕಾರ್ಡನ್ನು ಮತ್ತೆ ತಂತಿಗೆ ಚುಚ್ಚಿಡುತ್ತಿದ್ದೆ. ಹುಲಿಗಳನ್ನು ಅನ್ನದ ಅಗುಳಿನಿಂದ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದೆ. ಶಾಲೆಯಲ್ಲಿ ಮೇಷ್ಟ್ರು ಹವ್ಯಾಸ ಏನೆಂದು ಕೇಳಿದರೆ ಎದ್ದು ನಿಂತು "ಅಂಚೆಚೀಟಿ ಸಂಗ್ರಹ ಸಾರ್" ಎನ್ನುತ್ತಿದ್ದೆ.

ಅಪ್ಪ ತೀರಿಹೋಗಿ ಬಹಳ ವರ್ಷವಾಯಿತು. ಹಳೇ ಮನೆ ಕೆಡವಿ ಕಟ್ಟುವಾಗ ಆ ತಂತಿಯಲ್ಲಿ ನಾಲ್ಕು ಕಾರ್ಡು ಉಳಿದಿದ್ದವು. ಅಪ್ಪನ ಕೈಬರಹ ಎಂದು ಈಗ ನಮ್ಮ ಮನೆಯಲ್ಲಿರುವುದು ಅಷ್ಟೇ. ನಾಲ್ಕಕ್ಕೂ ಮೂಲೆಯಲ್ಲಿ ಚೌಕದ ತೂತು. ಕಾರ್ಡಿನ ಮುಂದಿನ ಬಲಮೂಲೆ ಎಂದರೆ ಹಿಂದಿನ ಎಡಮೂಲೆ. ಕಾಗದ ಶುರುವಾಗುವ ಜಾಗ ಅದು. "ಚಿರಂಜೀವಿ" ಎಂದು ಬರೆದು ಮುಂದೆ ನನ್ನ ಹೆಸರು ಬರೆಯುತ್ತಿದ್ದ ಜಾಗ. ಈಗ ಓದಿದರೆ "ಗೆ ನಿಮ್ಮ ತಂದೆಯ ಆಶೀರ್ವಾದಗಳು" ಎಂದು ಶುರುವಾಗುತ್ತದೆ.

ಇದನ್ನೆಲ್ಲ ಯಜಮಾನರಿಗೆ ಹೇಳಿದೆ. ಅವರು ಅಯ್ಯೋ ಎನ್ನಲಿಲ್ಲ. "ಹುಲಿ ಅಂಟಿಸಿದ್ದ ನೋಟ್‌ಬುಕ್ ಇದೆಯಾ? ಇದ್ರೆ ತನ್ನಿ" ಎಂದರು. ಮುಂದಿನ ಸಲ ಬಂದಾಗ ತಂದೆ. ಭೂತಕನ್ನಡಿ ಹಿಡಿದು ಒಂದೊಂದೇ ಹುಲಿಯನ್ನು ನೋಡಿದರು. ಹುಲಿಯ ಮೇಲೆ ಅಂಚೆ ಮೊಹರಿನ ಚೂರುಗಳಿದ್ದವು. ನಾನು ಚಿಕ್ಕವನಿದ್ದಾಗ ಅದನ್ನು ಕೊಳೆ ಎಂದುಕೊಂಡು ಉಜ್ಜಿ ತೆಗೆಯಲು ನೋಡಿದ್ದವನು. ಮೂರನೇ ಪುಟದ ಒಂದು ಹುಲಿಯ ಹತ್ತಿರ ಅವರ ಕೈ ನಿಂತಿತು. "ಇಂಗ್ಲಿಷಿನಲ್ಲಿ 'ನಗರ' ಅಂತ ಇದೆ ನೋಡಿ. ಮುಂದಿನ ಅಕ್ಷರ ಹೋಗಿದೆ. ಜಯನಗರ ಇರಬಹುದು, ಜೆ.ಪಿ. ನಗರ ಇರಬಹುದು. ರಾಜಾಜಿನಗರಾನೂ ಆಗಬಹುದು, ಗಾಂಧಿನಗರಾನೂ ಆಗಬಹುದು. ಇನ್ನೊಂದು ಅರ್ಧ ಅಂಗುಲ ಬಿಟ್ಟು ಕತ್ತರಿಸಿದ್ರೆ ಗೊತ್ತಾಗಿರೋದು."

ಅಪ್ಪ ಎಲ್ಲಿದ್ದರು ಎಂದು ಅಮ್ಮನನ್ನು ಕೇಳಿದರೆ "ಬೆಂಗ್ಳೂರಲ್ಲಿ" ಎನ್ನುತ್ತಾಳೆ. ಅವಳ ಪಾಲಿಗೆ ಎಲ್ಲ ಒಂದೇ ಬೆಂಗಳೂರು. ಯಾವ ಬಡಾವಣೆ, ಯಾವ ವರ್ಷ, ಎಷ್ಟು ಸಲ ಹೋಟೆಲು ಬದಲಾಯಿಸಿದರು ಎಂಬುದಕ್ಕೆ ಉಳಿದಿದ್ದ ದಾಖಲೆ ಆ ಮೊಹರುಗಳು ಮಾತ್ರ. ಸಂಗ್ರಹ ಮಾಡುತ್ತೇನೆಂದು ಅವನ್ನು ಹಾಳು ಮಾಡಿದವನು ನಾನೇ.

ಅಂಚೆಚೀಟಿ ಸಂಗ್ರಹ ಎಂದರೆ ಚಿತ್ರ ಕೂಡಿಡುವುದು ಎಂದು ನಾನಷ್ಟೇ ಅಲ್ಲ, ನಮ್ಮಲ್ಲಿ ಬಹುಪಾಲು ಜನ ತಿಳಿದಿದ್ದಾರೆ. ಯಜಮಾನರು ತಾವು ಏನನ್ನು ಕೂಡಿಡುತ್ತಾರೆಂದು ತೋರಿಸಲು ಒಂದು ಸಾಧಾರಣ ಲಕೋಟೆ ತೆಗೆದರು. 1971ರ ಡಿಸೆಂಬರಿನದು. ಬೆಂಗಳೂರಿನೊಳಗೇ ಹೋದ ಕಾಗದ. ಮಾಮೂಲಿ ಚೀಟಿಯ ಪಕ್ಕದಲ್ಲಿ ಇನ್ನೊಂದು 5 ಪೈಸೆಯ ಚೀಟಿ, ಅದರ ಮೇಲೆ 'ನಿರಾಶ್ರಿತರ ಪರಿಹಾರ' ಎಂಬ ಅರ್ಥದ ಇಂಗ್ಲಿಷ್ ಪದಗಳು. ಅಂದಿನ ಪೂರ್ವ ಪಾಕಿಸ್ತಾನದಿಂದ ಜನ ಗಡಿ ದಾಟಿ ಬರುತ್ತಿದ್ದ ವರ್ಷ ಅದು. 1971ರ ನವೆಂಬರ್ 15ರಿಂದ ಕಾಗದ ಹಾಕುವವರು 5 ಪೈಸೆ ಹೆಚ್ಚಿಗೆ ಕೊಡಬೇಕೆಂದು ಸರ್ಕಾರ ನಿಯಮ ಮಾಡಿತು. ಮೊದಲಿಗೆ ಕುಟುಂಬ ಯೋಜನೆಯ 5 ಪೈಸೆ ಚೀಟಿಯ ಮೇಲೇ ಈ ಪದಗಳನ್ನು ಒತ್ತಿ ಕೊಟ್ಟರು. ಕೆಲವು ಊರುಗಳಲ್ಲಿ ಅಲ್ಲಲ್ಲೇ ಒತ್ತಿಕೊಂಡರು. ಬೆಂಗಳೂರಿನಲ್ಲಿ ಒತ್ತಿದ್ದೂ ಒಂದು ಬಗೆ ಇದೆ.

ಚೀಟಿಯನ್ನಷ್ಟೇ ನೀರಿನಲ್ಲಿ ನೆನೆಸಿ ಬಿಡಿಸಿ ಆಲ್ಬಮ್ಮಿಗೆ ಹಾಕಿದ್ದರೆ ಅದು ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಒಂದು ತುಂಡು ಕಾಗದ. ಲಕೋಟೆಯ ಮೇಲೆಯೇ ಇರುವುದರಿಂದ ಬೇರೆ ಸಂಗತಿ ಗೊತ್ತಾಗುತ್ತದೆ. ಎರಡು ಸಾವಿರ ಕಿಲೋಮೀಟರಿನಷ್ಟು ದೂರದ ಗಡಿಯ ಸಂಕಟಕ್ಕೆ ಬೆಂಗಳೂರಿನ ಒಂದು ಮನೆಯವರು, ತಮಗೆ ಇಷ್ಟವಿತ್ತೋ ಇಲ್ಲವೋ, ಇಂಥ ದಿನ ಇಷ್ಟು ಕೊಟ್ಟರು ಎಂಬುದಕ್ಕೆ ಅದು ಸಾಕ್ಷಿ. ಇಂಥವು ಚರಿತ್ರೆಯ ಪುಸ್ತಕದಲ್ಲಿ ಒಂದು ಸಾಲಾಗಿ ಬರಬಹುದು. ಅವರ ಬೀರುವಿನಲ್ಲಿ ವಿಳಾಸ ಸಮೇತ ಇದೆ.

ಹಣದ ಮಾತನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಹಳೇ ನೋಟು, ಹಳೇ ಚೀಟಿ ಇದ್ದರೆ ಲಕ್ಷಾಧೀಶರಾಗುತ್ತೀರಿ ಎಂಬ ವಾಟ್ಸಾಪ್ ಸಂದೇಶ ನಮ್ಮ ಊರಿನ ಗುಂಪುಗಳಿಗೂ ಬರುತ್ತದೆ. ಬ್ರಿಟಿಷ್ ಗಯಾನಾದ 1856ರ ಒಂದು ಸೆಂಟಿನ ಚೀಟಿ 2014ರಲ್ಲಿ ತೊಂಬತ್ತೈದು ಲಕ್ಷ ಡಾಲರಿಗೆ ಹೋದದ್ದು ನಿಜ. 1873ರಲ್ಲಿ ಅದನ್ನು ಮನೆಯ ಹಳೇ ಕಾಗದಗಳ ನಡುವೆ ಕಂಡವನು ಹನ್ನೆರಡು ವರ್ಷದ ಹುಡುಗ, ಮಾರಿದ್ದು ಆರು ಶಿಲಿಂಗಿಗೆ. ಆ ಚೀಟಿಗೂ ನಾಲ್ಕು ಮೂಲೆ ಕತ್ತರಿಸಿಹೋಗಿದೆ. ಪ್ರಪಂಚದಲ್ಲಿ ಒಂದೇ ಉಳಿದಿರುವುದರಿಂದ ಅದಕ್ಕೆ ಆ ಬೆಲೆ. ನಮ್ಮ ಅಜ್ಜನ ಟ್ರಂಕಿನಲ್ಲಿರುವುದು ಕೋಟಿಗಟ್ಟಲೆ ಅಚ್ಚಾದ ಚೀಟಿ. ಬೆಲೆ ಬರುತ್ತದೆಂದು ಅದನ್ನು ಕತ್ತರಿಸಿ ತೆಗೆದರೆ ಇದ್ದ ಬೆಲೆಯೂ ಹೋಗುತ್ತದೆ.

ಚಿತ್ರಕ್ಕೆ ಬೆಲೆಯಿಲ್ಲ ಎಂದು ನಾನು ಹೇಳುತ್ತಿಲ್ಲ. ಚೀಟಿಯ ಮೇಲೆ ಯಾರು ಬರಬೇಕೆಂದು ದಿಲ್ಲಿ ತೀರ್ಮಾನಿಸುತ್ತದೆ. ಆ ತೀರ್ಮಾನಗಳಲ್ಲಿ ನಮ್ಮವರು ಯಾವಾಗ ಬಂದರು ಎಂದು ನೋಡಿದರೂ ಒಂದು ಪಾಠ ಸಿಗುತ್ತದೆ. 1949ರ ಮಾಮೂಲಿ ಚೀಟಿಗಳ ಸರಣಿಯಲ್ಲೇ ವಿಜಯಪುರದ ಗೋಳಗುಮ್ಮಟ ಆರು ಆಣೆಯ ಚೀಟಿಯ ಮೇಲಿತ್ತು. 1960ರ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಚೀಟಿ ಬಂದಾಗ ಅವರು ಬದುಕಿದ್ದರು. ಬದುಕಿರುವವರ ಚಿತ್ರ ಚೀಟಿಯ ಮೇಲೆ ಬರುವುದು ಬಹಳ ಅಪರೂಪ. 1964ರಲ್ಲಿ ಪುರಂದರದಾಸರು, 1967ರಲ್ಲಿ ಬಸವಣ್ಣ, 1977ರಲ್ಲಿ ಕಿತ್ತೂರು ಚೆನ್ನಮ್ಮ, 2009ರ ರಾಜ್ಯೋತ್ಸವದ ದಿನ ರಾಜ್‌ಕುಮಾರ್. 2006ರಲ್ಲಿ ಗಂಧದ ವಾಸನೆಯ ಚೀಟಿ ಬಂತು, 2017ರಲ್ಲಿ ಕಾಫಿ ವಾಸನೆಯದು ಬಂತು. ಇವೆಲ್ಲ ಯಜಮಾನರ ಹತ್ತಿರ ಇವೆ. ಕಾಫಿ ಚೀಟಿಯ ಪುಟ ತೆರೆದು ನನ್ನ ಮೂಗಿನ ಹತ್ತಿರ ಹಿಡಿದರು ಕೂಡ. ಆದರೆ ಚೀಟಿಯ ಚಿತ್ರ ಸರ್ಕಾರ ಹೇಳಿದ ಮಾತು. ಲಕೋಟೆಯ ಉಳಿದ ಭಾಗ, ಅಂದರೆ ವಿಳಾಸ, ಕೈಬರಹ, ಮೊಹರು, "ವಿಳಾಸದಾರರು ಇಲ್ಲ" ಎಂಬ ಪೋಸ್ಟ್‌ಮ್ಯಾನ್ ಷರಾ, ಇವು ಜನರ ಮಾತು. ಒಳ್ಳೆಯ ಸಂಗ್ರಾಹಕ ಎರಡನ್ನೂ ಜೊತೆಯಲ್ಲೇ ಉಳಿಸುತ್ತಾನೆ. ಸಂಗ್ರಾಹಕ ಎಂದರೆ ಯಾರು ಎಂದು ಕೇಳಿದರೆ ನನ್ನ ಉತ್ತರ ಇದು: ಸಾಕ್ಷ್ಯವನ್ನು ಕತ್ತರಿಸದೆ ಕಾಪಾಡುವವನು.

ನಮ್ಮ ಕಸುಬಿನವರಿಗೆ ಇದು ಹೊಸದಾಗಬಾರದು. ಡಿಪ್ಲೊಮಾ ಓದುವಾಗ ನಮಗೆ ಮೊದಲು ಕಲಿಸಿದ್ದು ಊರು ಮತ್ತು ದಿನಾಂಕ ಬರೆಯುವುದನ್ನು. ಅಂಚೆ ಮೊಹರಿನಲ್ಲಿ ಇರುವುದೂ ಅದೇ, ಊರು ಮತ್ತು ದಿನಾಂಕ. ಅಂಚೆಗೂ ಸುದ್ದಿಗೂ ಇರುವ ನಂಟು ಇನ್ನೂ ಹಳೆಯದು. ಚಿಕ್ಕದೇವರಾಜ ಒಡೆಯರು ಹದಿನೇಳನೇ ಶತಮಾನದಲ್ಲಿ ಮೈಸೂರು ಅಂಚೆಯನ್ನು ಶುರುಮಾಡಿದಾಗ ಅಂಚೆಯವರ ಕೆಲಸ ಕಾಗದ ಸಾಗಿಸುವುದಷ್ಟೇ ಆಗಿರಲಿಲ್ಲ. ಆಯಾ ಸೀಮೆಯಲ್ಲಿ ನಡೆಯುವುದನ್ನು ಅರಮನೆಗೆ ತಿಳಿಸುವುದೂ ಅವರ ಕೆಲಸವಾಗಿತ್ತು. ಒಂದು ಲೆಕ್ಕದಲ್ಲಿ ನಮ್ಮ ಮೊದಲ ಜಿಲ್ಲಾ ಸ್ಟ್ರಿಂಗರುಗಳು ಅವರೇ, ಸುದ್ದಿ ಓದುತ್ತಿದ್ದವನು ಒಬ್ಬನೇ ಅರಸ ಎಂಬುದು ಬಿಟ್ಟರೆ. 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿಹೋಯಿತು. ಆ ಅಂಚೆ ಯಾವ ಊರಿನಿಂದ ಯಾವ ಊರಿಗೆ, ಎಷ್ಟು ದಿನಕ್ಕೆ ಕಾಗದ ಮುಟ್ಟಿಸುತ್ತಿತ್ತು ಎಂದು ಇವತ್ತು ತಿಳಿಯಬೇಕಾದರೆ ಯಾರೋ ಎಸೆಯದೆ ಇಟ್ಟ ಮೊಹರಿನ ಕಾಗದಗಳನ್ನು ನೋಡಬೇಕು.

ನಾನು ವರದಿ ಕಳಿಸುವುದು ಫೋನಿನಲ್ಲಿ. ನನಗಿಂತ ಹಿಂದಿನವರು ಲಕೋಟೆಗೆ ಹಾಕಿ ಬಸ್ ಕಂಡಕ್ಟರ್ ಕೈಗೆ ಕೊಡುತ್ತಿದ್ದರು, ತುರ್ತಿಲ್ಲದ್ದನ್ನು ಅಂಚೆಗೆ ಹಾಕುತ್ತಿದ್ದರು. ಅವರಲ್ಲಿ ಕೆಲವರ ಮನೆಯಲ್ಲಿ ಆ ಕಾಲದ ಪ್ರತಿಗಳಿವೆ. ನನ್ನ ಹತ್ತು ವರ್ಷದ ಹಿಂದಿನ ವರದಿಗಳು ಹಳೇ ಫೋನಿನ ಜೊತೆ ಹೋದವು. ಸ್ಕ್ಯಾನ್ ಸಾಕು ಎನ್ನುವ ಮಗನಿಗೆ ನಾನು ಕೊಡಬಹುದಾದ ಉತ್ತರ ಇಷ್ಟೇ: ಸ್ಕ್ಯಾನ್ ಮಾಡಿ, ಬೇಡ ಎನ್ನುವುದಿಲ್ಲ. ಆದರೆ ನಾಳೆ ಯಾರಾದರೂ ಕಾಗದವನ್ನು ಬೆಳಕಿಗೆ ಹಿಡಿದು ನೀರ್ಗುರುತು ನೋಡಬೇಕೆಂದರೆ, ಚೀಟಿಯ ಅಂಚಿನಲ್ಲಿ ಎರಡು ಸೆಂಟಿಮೀಟರಿಗೆ ಎಷ್ಟು ಹಲ್ಲು ಇವೆ ಎಂದು ಅಳೆಯಬೇಕೆಂದರೆ, ಮೊಹರು ಅಸಲಿಯೋ ನಕಲಿಯೋ ಎಂದು ತಿಳಿಯಬೇಕೆಂದರೆ ಅಸಲು ಕಾಗದವೇ ಬೇಕು.

ಇಷ್ಟಾದರೂ ಒಂದು ಆಕ್ಷೇಪಣೆ ಉಳಿಯುತ್ತದೆ. ಇದು ಉಳ್ಳವರ ಶೋಕಿಯಲ್ಲವೇ? ಜಯನಗರ, ಬನಶಂಕರಿಯಲ್ಲಿ ಸ್ವಂತ ಮನೆ, ಒಂದು ಬೀರು ಖಾಲಿ ಬಿಡುವಷ್ಟು ಜಾಗ, ತಿಂಗಳ ಪಿಂಚಣಿ ಇದ್ದವರಿಗೆ ಆಗುವ ಕೆಲಸ. ಮಳೆಗಾಲದಲ್ಲಿ ಸೋರುವ ಮನೆಯಲ್ಲಿ ಯಾವ ಆಲ್ಬಮ್ ಉಳಿಯುತ್ತದೆ? ಈ ಮಾತಿನಲ್ಲಿ ಸತ್ಯವಿದೆ. ಸರ್ಕಾರದ ಪ್ರೋತ್ಸಾಹವೂ ಅಂಥವರ ಹತ್ತಿರವೇ ಹೆಚ್ಚು ಸುಳಿಯುತ್ತದೆ.

ಅಂಚೆ ಇಲಾಖೆಯ ದೀನ್ ದಯಾಳ್ ಸ್ಪರ್ಶ್ ಯೋಜನೆ 2017ರ ನವೆಂಬರಿನಲ್ಲಿ ಶುರುವಾಯಿತು. ಅಂಚೆಚೀಟಿ ಸಂಗ್ರಹಿಸುವ 6ರಿಂದ 9ನೇ ತರಗತಿಯ ಮಕ್ಕಳಿಗೆ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನ. ದೇಶಕ್ಕೆಲ್ಲ 920, ಒಂದು ಅಂಚೆ ವೃತ್ತಕ್ಕೆ ಹೆಚ್ಚೆಂದರೆ 40, ತರಗತಿಗೆ ಹತ್ತರಂತೆ. ಕರ್ನಾಟಕ ಒಂದು ವೃತ್ತ. ಮಗುವಿನ ಶಾಲೆಯಲ್ಲಿ ಫಿಲಾಟೆಲಿ ಕ್ಲಬ್ ಇರಬೇಕು, ಇಲ್ಲವಾದರೆ ಮಗುವಿನ ಹೆಸರಿನಲ್ಲೇ ಫಿಲಾಟೆಲಿ ಠೇವಣಿ ಖಾತೆ ಇರಬೇಕು. ಆ ಖಾತೆಗೆ 200 ರೂಪಾಯಿ ಕಟ್ಟಿದರೆ ಸಾಕು, ಹೊಸ ಚೀಟಿಗಳು ಬರುತ್ತವೆ. ಯೋಜನೆ ಒಳ್ಳೆಯದೇ. 6,000 ರೂಪಾಯಿ ನಮ್ಮ ಕಡೆಯ ಮನೆಗಳಿಗೆ ಸಣ್ಣದಲ್ಲ. ಆದರೆ ಇಡೀ ರಾಜ್ಯಕ್ಕೆ ನಲವತ್ತು ಎಂದಾಗ, ಜಿಪಿಒದ ಫಿಲಾಟೆಲಿಕ್ ಬ್ಯೂರೋಗೆ ಮೆಟ್ರೋದಲ್ಲಿ ಹೋಗಿ ಬರಬಲ್ಲ ಮಗುವಿಗೂ, ಹೊಸ ಚೀಟಿಯನ್ನು ಕಣ್ಣಾರೆ ಕಾಣದ ಮಗುವಿಗೂ ಒಂದೇ ಸಾಲು ಎನ್ನುವುದು ನ್ಯಾಯವಲ್ಲ. ನಮ್ಮಲ್ಲಿ ಎಷ್ಟು ಮೇಷ್ಟ್ರುಗಳಿಗೆ ಈ ಯೋಜನೆಯ ಹೆಸರು ಗೊತ್ತು? ನಾನು ಕೇಳಿದ ಐದಾರು ಜನರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಇದನ್ನು ಬರೆಯಲು ಹೊರಟ ಮೇಲೆ ತಿಳಿದದ್ದು. ನಾವು ಬರೆಯಬೇಕಾಗಿದ್ದ ಸುದ್ದಿ ಅದು, ಬರೆಯಲಿಲ್ಲ.

ಇನ್ನೊಂದು ತೊಂದರೆ ಬಡವ ಬಲ್ಲಿದರಿಬ್ಬರಿಗೂ ಸೇರಿದ್ದು. ಚೀಟಿಗಳು ಪ್ರಯಾಣ ಮಾಡುವುದೇ ನಿಂತುಹೋಗುತ್ತಿದೆ. ಈಗ ಕೌಂಟರಿನಲ್ಲಿ ಲಕೋಟೆ ಕೊಟ್ಟರೆ ತೂಕ ಹಾಕಿ ಬಾರ್‌ಕೋಡ್ ಇರುವ ಬಿಳಿ ಸ್ಟಿಕ್ಕರ್ ಅಂಟಿಸುತ್ತಾರೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಎಂಬ ಹೆಸರೇ ಹೋಗಿ ಸ್ಪೀಡ್ ಪೋಸ್ಟಿನಲ್ಲಿ ಸೇರಿತು. ಒಂದು ಅಂಚೆ ಕಚೇರಿಯಲ್ಲಿ ನಾನು "ಸ್ಟಿಕ್ಕರ್ ಬೇಡ ಮೇಡಂ, ಸ್ಟಾಂಪ್ ಕೊಡಿ, ಹಚ್ಚಿ ಹಾಕ್ತೀನಿ" ಎಂದಾಗ ಅವರು ಬೇಸರದಿಂದಲೇ ಡ್ರಾಯರು ಹುಡುಕಿದರು. ಅವರ ಹಿಂದೆ ಆಧಾರ್ ತಿದ್ದುಪಡಿಗೆ ಇಪ್ಪತ್ತು ಜನ ನಿಂತಿದ್ದರು, ಅವರ ಬೇಸರ ನನಗೆ ಅರ್ಥವಾಗುತ್ತದೆ. ಇದರಿಂದ ಆಗುತ್ತಿರುವುದೇನೆಂದರೆ, ಅಂದದ ಹೊಸ ಚೀಟಿಗಳು ಅಚ್ಚುಮನೆಯಿಂದ ಬ್ಯೂರೋಗೆ, ಬ್ಯೂರೋದಿಂದ ನೇರ ಆಲ್ಬಮ್ಮಿಗೆ ಹೋಗುತ್ತವೆ. ಯಾವ ಪೆಟ್ಟಿಗೆಗೂ ಬೀಳದ, ಯಾವ ಊರಿನ ಮೊಹರೂ ತಾಗದ ಚೀಟಿಗಳು. ಯಜಮಾನರು ಅವನ್ನು ಕೊಳ್ಳುವುದನ್ನು ಬಿಟ್ಟು ಕೆಲವು ವರ್ಷವಾಯಿತಂತೆ. "ಅದರಲ್ಲಿ ಓದಕ್ಕೇನೂ ಇರಲ್ಲಪ್ಪಾ" ಎಂದರು.

ಇನ್ನು ಬೀರುವಿನ ಆಲ್ಬಮ್ಮುಗಳ ವಿಷಯ. ನಮ್ಮ ಪಕ್ಕದ ಊರಿನ ಸರ್ಕಾರಿ ಪ್ರೌಢಶಾಲೆಯ ಮುಖ್ಯಶಿಕ್ಷಕಿಯನ್ನು ಕೇಳಿದೆ. ಅವರು ನೇರವಾಗಿ ಹೇಳಿದರು, "ಇಷ್ಟು ಬೆಲೆಬಾಳೋದನ್ನ ಇಸ್ಕೊಂಡು ನಾನು ಬೀಗ ಹಾಕಿಡಬೇಕಾಗ್ತದೆ. ಮಕ್ಕಳ ಕೈಗೆ ಕೊಡಕ್ಕಾಗಲ್ಲ, ಸ್ಟಾಕ್ ರಿಜಿಸ್ಟರಿಗೆ ಹತ್ತಿಸಬೇಕು. ನಾಳೆ ನನಗೆ ವರ್ಗ ಆದ್ರೆ ಯಾರು ನೋಡ್ತಾರೆ?" ಮೊದಲು ನನಗೆ ನಿರಾಸೆಯಾಯಿತು. ಆಮೇಲೆ ಅವರ ಮಾತು ಸರಿಯೆನಿಸಿತು. ಒಬ್ಬರ ಐವತ್ತು ವರ್ಷದ ಸಂಗ್ರಹವನ್ನು ಇನ್ನೊಬ್ಬರಿಗೆ ದಾಟಿಸಿದ ಮಾತ್ರಕ್ಕೆ ಅವರು ಸಂಗ್ರಾಹಕರಾಗುವುದಿಲ್ಲ. ದಾಟಿಸಬೇಕಾದದ್ದು ಓದುವ ಕ್ರಮವನ್ನು.

ಯಜಮಾನರಿಗೆ ಹಾಗೆಯೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗಿನಿಂದ ಒಂದು ಹಳೇ ಹಾರ್ಲಿಕ್ಸ್ ಡಬ್ಬಿ ತಂದರು. ಅದರಲ್ಲಿ ಲಕೋಟೆಯ ತುಂಡಿನ ಸಮೇತ ಇದ್ದ, ಎರಡೆರಡು ಇದ್ದ ಮಾಮೂಲಿ ಚೀಟಿಗಳು. ಜೊತೆಗೆ ಒಂದು ಚಿಮಟ, ಒಂದು ಭೂತಕನ್ನಡಿ, ಮೊಹರು ಸ್ಪಷ್ಟವಾಗಿದ್ದ ಇಪ್ಪತ್ತು ಹಳೇ ಲಕೋಟೆಗಳು. "ಇದು ಕಳೆದ್ರೆ ಕಳೀಲಿ" ಎಂದರು. ಆಲ್ಬಮ್ಮುಗಳ ತೀರ್ಮಾನ ಇನ್ನೂ ಆಗಿಲ್ಲ. ನಗರದಲ್ಲೇ ಇರುವ ಸಂಗ್ರಾಹಕರ ಸಂಘದವರ ಜೊತೆ ಮಾತಾಡಿ ಎಂದು ಹೇಳಿದ್ದೇನೆ.

ಡಬ್ಬಿಯನ್ನು ಶಾಲೆಗೆ ಕೊಟ್ಟ ದಿನ ಎಂಟನೇ ತರಗತಿಯ ಮಕ್ಕಳು ಬಿಸಿಯೂಟದ ಒಂದು ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದರು. ಚೀಟಿಯನ್ನು ತುಂಡು ಕಾಗದದ ಸಮೇತ ತೇಲಿಬಿಟ್ಟು, ಅಂಟು ಬಿಡುವವರೆಗೆ ಕಾದು, ಮುಖ ಕೆಳಗೆ ಮಾಡಿ ಹಳೇ ಪೇಪರಿನ ಮೇಲೆ ಒಣಗಿಸಿದರು. ಮೊಹರು ಪೂರ್ತಿ ಇದ್ದವನ್ನು ನೆನೆಸಬಾರದು ಎಂದು ಮೊದಲೇ ಹೇಳಿದ್ದೆ. ಒಬ್ಬ ಹುಡುಗಿ ಲಕೋಟೆಯೊಂದನ್ನು ಭೂತಕನ್ನಡಿಯಲ್ಲಿ ನೋಡಿ, "ಸಾರ್, ಇದು ಜಯನಗರದಲ್ಲಿ ಹಾಕಿ ನಮ್ಮ ಮಧುಗಿರಿಗೆ ಬರಕ್ಕೆ ಎರಡು ದಿನ ಆಗೈತೆ, ಹಿಂದುಗಡೆ ಇನ್ನೊಂದು ಸೀಲ್ ಐತೆ" ಎಂದಳು. ಯಾರೂ ಹೇಳಿಕೊಡದೆ ಲಕೋಟೆ ತಿರುಗಿಸಿ ನೋಡಿದವಳು ಅವಳೊಬ್ಬಳೇ.

ಗೆಳೆಯರೇ, ನಮ್ಮ ಗುಂಪಿನವರು ಒಂದೊಂದು ತಾಲ್ಲೂಕಿನಲ್ಲಿದ್ದೀರಿ. ಎರಡು ಕೆಲಸ ಕೇಳುತ್ತೇನೆ. ಒಂದು, ಸ್ಪರ್ಶ್ ವಿದ್ಯಾರ್ಥಿವೇತನದ ಪ್ರಕಟಣೆ ಬಂದಾಗ ಅದನ್ನು ನಿಮ್ಮ ಪುಟದಲ್ಲಿ ನಾಲ್ಕು ಸಾಲಾದರೂ ಹಾಕಿ, ನಿಮ್ಮೂರಿನ ಮೇಷ್ಟ್ರಿಗೆ ತಲುಪಿಸಿ. ಎರಡು, ನೀವು ಓದಿದ ಶಾಲೆಗೆ ಒಂದು ಕಾಗದ ಬರೆಯಿರಿ. ಸ್ಟಿಕ್ಕರ್ ಬೇಡ, ಚೀಟಿ ಕೇಳಿ ಹಚ್ಚಿ. ಮೊಹರು ಸರಿಯಾಗಿ ಒತ್ತಿ ಎಂದು ಕೌಂಟರಿನವರನ್ನು ಒಳ್ಳೆಯ ಮಾತಿನಲ್ಲಿ ಕೇಳಿ, ಊರು ದಿನಾಂಕ ಓದುವಂತಿರಲಿ.

ನಾನು ಒಂದು ಹಾಕಿದ್ದೇನೆ. ಜಯನಗರದ ಪೆಟ್ಟಿಗೆಯಿಂದ, ಆ ಹುಡುಗಿಯ ತರಗತಿಗೆ. ಚೀಟಿಯನ್ನು ಕತ್ತರಿಸಬೇಡಿ ಎಂದು ಒಳಗೆ ಬರೆದಿದ್ದೇನೆ.